ರಕ್ಕಸನ ಬೂದಿಯಲ್ಲಿ ದನದ ಹೆಜ್ಜೆ

ಎಡೆದೊರೆ ನಾಡಿನ ಹಳೆಯ ದೈತ್ಯಕಥೆಗಳು ಹೊಸ ಕಿರುಕಾದಂಬರಿಗಾಗಿ ಕಾಯುತ್ತಿವೆ

ರಾಯಚೂರು ನಗರದಿಂದ ಹೈದರಾಬಾದಿನ ದಾರಿ ಹಿಡಿದು ಹೊರಟರೆ, ಕೃಷ್ಣೆ ಎದುರಾಗುವ ಮೊದಲು ದೇವಸುಗೂರು ಸಿಗುತ್ತದೆ. ಹೊಳೆಯಾಚೆ ತೆಲಂಗಾಣ. ಈಚೆ ಸೂಗೂರೇಶ್ವರನ ಗುಡಿ, ಅದರ ನೆರೆಯಲ್ಲಿ ಶಕ್ತಿನಗರದ ವಿದ್ಯುತ್ ಕೇಂದ್ರದ ಚಿಮಣಿಗಳು. ಈ ಸೀಮೆಯಲ್ಲಿ ಸೂಗಪ್ಪ, ಸೂಗಮ್ಮ, ಸೂಗಯ್ಯ, ಸೂಗೂರೇಶ ಎಂಬ ಹೆಸರಿನವರು ಊರೂರಲ್ಲಿ ಇದ್ದಾರೆ. ಅವರೆಲ್ಲರ ಹೆಸರಿನ ಬೇರು ಈ ಗುಡಿಯಲ್ಲಿದೆ.

ಸೂಗೂರೇಶ್ವರನನ್ನು ಭಕ್ತರು ವೀರಭದ್ರನೆಂದು ನಂಬುತ್ತಾರೆ. ಶಿವನ ಜಟೆಯಿಂದ ಹುಟ್ಟಿ ದಕ್ಷನ ಯಜ್ಞಶಾಲೆಗೆ ನುಗ್ಗಿದವನು ವೀರಭದ್ರ. ಪೂಷನ ಹಲ್ಲು ಉದುರಿಸಿದ, ಭಗನ ಕಣ್ಣು ಕಿತ್ತ, ದಕ್ಷನ ತಲೆ ಕಡಿದ. ಉತ್ತರ ಕರ್ನಾಟಕದ ಪುರವಂತರು ಕಾಸೆ ಕಟ್ಟಿ, ಕತ್ತಿ ಹಿಡಿದು, ಒಡಪು ಹೇಳುತ್ತ ಇದೇ ಕಥೆಯನ್ನು ಜಾತ್ರೆ ಜಾತ್ರೆಗಳಲ್ಲಿ ಮೊಳಗಿಸುತ್ತಾರೆ. ಎಂಟು ನೂರು ವರ್ಷಗಳ ಹಿಂದೆ ಹಂಪಿಯ ರಾಘವಾಂಕ ಇದನ್ನೇ 'ವೀರೇಶ ಚರಿತೆ'ಯಾಗಿ ಉದ್ದಂಡ ಷಟ್ಪದಿಯಲ್ಲಿ ಬರೆದ. ಅವನ 'ಹರಿಶ್ಚಂದ್ರ ಕಾವ್ಯ'ದ ಮುಂದೆ ಅದು ಪುಟ್ಟ ಕೃತಿ. ಒಂದು ಅವಮಾನ, ಅದರಿಂದ ಹುಟ್ಟಿದ ಒಂದು ಕೋಪ, ಆ ಕೋಪದಿಂದಾದ ಒಂದು ಧ್ವಂಸ: ಇಷ್ಟೇ ಅದರ ಹರವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪದ್ಯದಲ್ಲಿರುವ ಕಿರುಕಾದಂಬರಿ.

ಈ ಕಥೆಯನ್ನು ದಕ್ಷನ ಸಭೆಯಲ್ಲಿ ಕುಳಿತವರ ಕಡೆಯಿಂದ ನೋಡಿದರೆ ಏನು ಕಾಣುತ್ತದೆ? ಹೋಮ ನಡೆದಿದೆ, ಋಷಿಗಳು ಕೂತಿದ್ದಾರೆ, ಬಾಗಿಲು ಮುರಿದು ಭಯಂಕರ ಆಕೃತಿಯೊಂದು ಒಳಗೆ ಬಂತು. ಅವರ ಪಾಲಿಗೆ ಬಂದದ್ದು ದೈತ್ಯ. ಕೈಲಾಸದ ಕಡೆಯಿಂದ ನೋಡಿದವರಿಗೆ ಬಂದದ್ದು ನ್ಯಾಯ. ದೇವಸುಗೂರಿನ ಜನ ಕೈಲಾಸದ ಕಡೆ ನಿಂತು ಕಥೆ ಕೇಳಿದವರು. ಆದ್ದರಿಂದ ಆ ಭಯಂಕರ ಮೂರ್ತಿಯ ಹೆಸರನ್ನು ತಮ್ಮ ಮಕ್ಕಳಿಗೆ ಇಟ್ಟರು. ದೈತ್ಯಕಥೆಯನ್ನು ಮರಳಿ ಹೇಳುವ ವಿದ್ಯೆಯ ಮೂಲಪಾಠ ಇದರಲ್ಲೇ ಇದೆ. ಹೇಳುವವರು ನಿಂತ ಜಾಗ ಬದಲಾದರೆ ರಕ್ಕಸನ ಮುಖವೂ ಬದಲಾಗುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಮತ್ತು ಅದರ ನೆರೆಯಲ್ಲಿ ಈ ವಿದ್ಯೆಗೆ ಬೇಕಾದ ಸಾಮಗ್ರಿ ನೆಲದ ಮೇಲೆಯೇ ಬಿದ್ದಿದೆ. ಅದನ್ನು ಊರವರು ರಕ್ಕಸರ ಬೂದಿ ಎಂದರು.

ಹಿಡಿಂಬನನ್ನು ಸುಟ್ಟ ಜಾಗ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಇದೆ. ಅಲ್ಲೊಂದು ದೊಡ್ಡ ಬೂದಿ ದಿಬ್ಬ. ಭೀಮ ಹಿಡಿಂಬಾಸುರನನ್ನು ಕೊಂದ ಮೇಲೆ ಸುಟ್ಟದ್ದು ಇಲ್ಲೇ, ಇದು ಅವನದೇ ಬೂದಿ ಎಂಬುದು ಹಿಂದಿನಿಂದ ಬಂದ ಮಾತು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಇಂಥ ದಿಬ್ಬಗಳು ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ಹೊಳೆಯಾಚೆಯ ಹಳೆಯ ಮಹಬೂಬನಗರ ಜಿಲ್ಲೆ, ಇಷ್ಟು ಹರವಿನಲ್ಲಿ ನೂರಕ್ಕೂ ಹೆಚ್ಚು ಗುರುತಾಗಿವೆ. ಕೆಲವು ಆಳೆತ್ತರ, ಕೆಲವು ಮನೆಯ ಮಾಳಿಗೆಗಿಂತ ಎತ್ತರ. ಅಗೆದರೆ ಮೆತ್ತನೆಯ ಬಿಳಿ ಬೂದಿ, ನಡುನಡುವೆ ಕರಗಿ ಹೆಪ್ಪುಗಟ್ಟಿದ ಗಾಜಿನಂಥ ಕಿಟ್ಟದ ಪದರ. ಒಲೆಯ ಬೂದಿ ಇಷ್ಟಾಗದು, ಹೆಣ ಸುಟ್ಟರೂ ಇಷ್ಟಾಗದು. ಇಷ್ಟು ಬೂದಿ ಬೀಳಬೇಕಾದರೆ ಸುಟ್ಟ ಒಡಲು ಎಷ್ಟು ದೊಡ್ಡದಿರಬೇಕು? ಹಳ್ಳಿಯವರು ಕೇಳಿಕೊಂಡ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕಣ್ಣೆದುರಿನ ವಸ್ತುವಿಗೆ ತಕ್ಕ ಕಾರಣವನ್ನು ಅವರು ಹುಡುಕಿದರು. ತಮಗೆ ಗೊತ್ತಿದ್ದ ಅತಿ ದೊಡ್ಡ ಒಡಲು ಹಿಡಿಂಬನದು. ಅವನನ್ನೇ ಅಲ್ಲಿ ಮಲಗಿಸಿದರು.

ಈ ದಿಬ್ಬಗಳ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಆಮೇಲೆ ಬಂದವರಲ್ಲಿ ಕೆಲವರು ಜ್ವಾಲಾಮುಖಿ ಎಂದರು, ಕೆಲವರು ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದರು. ಓದಿದವರ ಈ ಊಹೆಗಳೂ ಹಿಡಿಂಬನ ಚಿತೆಗಿಂತ ಸತ್ಯಕ್ಕೆ ಹೆಚ್ಚು ಹತ್ತಿರವಿರಲಿಲ್ಲ. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಪಾಯ ಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, ಇದು ದನದ ಸಗಣಿ ಸುಟ್ಟ ಬೂದಿ ಎಂದು ಗುರುತಿಸಿದ. ಅದಕ್ಕೆ ಗಟ್ಟಿ ಪುರಾವೆ ದೊರೆತದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ.

ರೇಮಂಡ್ ಆಲ್ಚಿನ್ ಎಂಬ ಇಂಗ್ಲಿಷ್ ಪುರಾತತ್ವಜ್ಞ 1952ರಲ್ಲಿ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ, 1957ರಲ್ಲಿ ಹೊಳೆಯಾಚೆಯ ಉತ್ನೂರಿನಲ್ಲಿ ಉತ್ಖನನ ನಡೆಸಿದ. ಉತ್ನೂರಿನ ಬೂದಿಯ ಕೆಳಗೆ ಮರದ ಕಂಬಗಳನ್ನು ಒತ್ತಾಗಿ ನೆಟ್ಟು ಕಟ್ಟಿದ ದೊಡ್ಡಿಯ ಗುರುತು ಸಿಕ್ಕಿತು. ದೊಡ್ಡಿ ಸುಟ್ಟಿದೆ, ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದ್ದವು. ಎಫ್. ಇ. ಜೂಯ್ನರ್ ಎಂಬ ವಿದ್ವಾಂಸ 1960ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಸಗಣಿಯ ರಾಶಿ ಬಹಳ ಹೆಚ್ಚಿನ ಶಾಖದಲ್ಲಿ ಉರಿದಾಗ ಅದರಲ್ಲಿರುವ ಸಿಲಿಕಾ ಕರಗಿ ಆ ಗಾಜಿನಂಥ ಕಿಟ್ಟವಾಗುತ್ತದೆ ಎಂದು ತೋರಿಸಿತು. 1963ರಲ್ಲಿ ಆಲ್ಚಿನ್ ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರ ಮೇಲೆ ಪುಸ್ತಕವನ್ನೇ ಬರೆದ. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ 1989ರಿಂದ ಹಲವು ವರ್ಷ ಅಗೆಸಿದ ಪುರಾತತ್ವಜ್ಞ ಕೆ. ಪದ್ದಯ್ಯನವರು ದನದ ದೊಡ್ಡಿಯ ಪಕ್ಕದಲ್ಲೇ ಜನ ಮನೆ ಮಾಡಿಕೊಂಡಿದ್ದನ್ನು, ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗವನ್ನು, ದನ ಕಡಿದು ಹಂಚಿಕೊಂಡ ನೆಲವನ್ನು ಹೊರತೆಗೆದರು.

ಅಲ್ಲಿಗೆ ರಕ್ಕಸ ಕರಗಿದ. ಅವನ ಜಾಗದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳು ನಿಂತರು. ನುಣುಪಾಗಿ ಉಜ್ಜಿದ ಕಲ್ಲುಕೊಡಲಿ ಹಿಡಿದವರು, ಹುರುಳಿ, ಹೆಸರು, ಕೊರಲೆ ಬೆಳೆದವರು, ಗುಡ್ಡದ ಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದವರು. ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದವರು ಅವರು. ಮಗುವನ್ನು ಊರಾಚೆ ಕಳಿಸಲು ಮನಸ್ಸು ಬಾರದೆ, ತಾನು ಮಲಗುವ ನೆಲದ ಕೆಳಗೆ ಇಟ್ಟುಕೊಂಡ ತಾಯಿಯನ್ನು ಹಿಡಿಂಬೆಯ ಕುಲದವಳೆಂದು ನಾವು ಇಷ್ಟು ಕಾಲ ಹೇಳಿಕೊಂಡು ಬಂದೆವು.

ಅವರು ದೊಡ್ಡಿ ಸುಟ್ಟದ್ದು ಏಕೆ? ರೋಗ ತಗಲಿದ ಜಾಗವನ್ನು ಶುದ್ಧಿ ಮಾಡಲೆಂದೇ, ಶತ್ರುಗಳ ದಾಳಿಯಲ್ಲೇ, ಹಬ್ಬದ ಆಚರಣೆಗೇ? ಇಂದಿಗೂ ನಮ್ಮಲ್ಲಿ ದನಗಳನ್ನು ಬೆಂಕಿ ದಾಟಿಸುವ ಹಬ್ಬಗಳಿವೆ. ಆಲ್ಚಿನ್ ಅಂಥ ಆಚರಣೆಗಳ ಕಡೆ ಬೆರಳು ತೋರಿಸಿದ. ವಿದ್ವಾಂಸರ ಚರ್ಚೆ ಮುಗಿದಿಲ್ಲ. ಪುರಾತತ್ವ ಸುಟ್ಟ ವಸ್ತುವನ್ನು ಹೇಳಬಲ್ಲದು, ಸುಟ್ಟ ಕಾಲವನ್ನು ಹೇಳಬಲ್ಲದು. ಆ ರಾತ್ರಿ ಬೆಂಕಿಯ ಸುತ್ತ ನಿಂತವರ ಎದೆಯಲ್ಲಿ ಏನಿತ್ತು ಎಂಬುದನ್ನು ಹೇಳುವ ಕೆಲಸ ಕಥೆಗಾರನದು.

ಪುರಾಣವೇ ಬಿಟ್ಟಿರುವ ಕಿಂಡಿಗಳು

ಐತಿಹಾಸಿಕ ಕಾದಂಬರಿಕಾರ ಪುರಾಣದ ರಕ್ಕಸನನ್ನು ಮನುಷ್ಯನನ್ನಾಗಿ ಮಾಡಿದರೆ ಅದು ಪುರಾಣಕ್ಕೆ ಬಗೆದ ದ್ರೋಹ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಮೂಲವನ್ನು ನಿಧಾನವಾಗಿ ಓದಿದರೆ ಆ ಆತಂಕಕ್ಕೆ ಆಧಾರವಿಲ್ಲ.

ಮಹಾಭಾರತದ ಬಕಾಸುರನನ್ನೇ ನೋಡಿ. ಏಕಚಕ್ರದ ಜನ ಸರದಿಯ ಮೇಲೆ ಅವನಿಗೆ ಅನ್ನದ ರಾಶಿ, ಎರಡು ಕೋಣ ಮತ್ತು ಅವನ್ನು ಒಯ್ಯುವ ಒಬ್ಬ ಮನುಷ್ಯನನ್ನು ಕಳಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕುಂತಿಯ ಮುಂದೆ ಗೋಳು ತೋಡಿಕೊಳ್ಳುವ ಬ್ರಾಹ್ಮಣ ಇನ್ನೊಂದು ಮಾತನ್ನೂ ಹೇಳುತ್ತಾನೆ: ಈ ನಾಡಿನ ದೊರೆ ಕೈಲಾಗದವನು, ಹೊರಗಿನ ಶತ್ರುಗಳಿಂದ ಈ ಊರನ್ನು ಕಾಯುತ್ತಿರುವವನು ಬಕನೇ. ಅಂದರೆ ಆ ಅನ್ನ, ಆ ಕೋಣ, ಆ ಮನುಷ್ಯ, ಇವೆಲ್ಲ ರಕ್ಷಣೆಗೆ ತೆರುವ ತೆರಿಗೆ. ದುರ್ಬಲ ರಾಜ, ಬಲಿಷ್ಠ ಪಾಳೆಯಗಾರ, ನಡುವೆ ಸಿಕ್ಕಿದ ರೈತ: ಈ ಮೂವರನ್ನು ರಾಯಚೂರು ಸೀಮೆಯವರಿಗೆ ಪರಿಚಯಿಸಬೇಕಿಲ್ಲ. ಕೋಟೆಯ ಒಡೆತನಕ್ಕಾಗಿ ವಿಜಯನಗರ ಮತ್ತು ಬಹಮನಿ ಅರಸರು ತಲೆಮಾರುಗಳ ಕಾಲ ಕಾದಿದ, 1520ರಲ್ಲಿ ಕೃಷ್ಣದೇವರಾಯನ ದಂಡು ಬೀಡುಬಿಟ್ಟ ನೆಲ ಇದು. ಇಲ್ಲಿನ ಹಳ್ಳಿ ಯಾರ್ಯಾರಿಗೆ ಅನ್ನದ ಬಂಡಿ ಕಳಿಸಿದೆಯೋ!

ವಾತಾಪಿಯ ಕಥೆಯಲ್ಲೂ ಅಂಥದೇ ಕಿಂಡಿಯಿದೆ. ಚಾಲುಕ್ಯರ ರಾಜಧಾನಿ ಬಾದಾಮಿಗೆ ಆ ರಕ್ಕಸನ ಹೆಸರೇ ನಿಂತಿದೆ, ಅಲ್ಲಿನ ಕೆರೆಗೆ ಅವನನ್ನು ಜೀರ್ಣಿಸಿಕೊಂಡ ಅಗಸ್ತ್ಯನ ಹೆಸರು. ವನಪರ್ವದಲ್ಲಿ ಅಗಸ್ತ್ಯ ಧನ ಬೇಡುತ್ತ ಮೊದಲು ಮೂವರು ರಾಜರ ಬಳಿ ಹೋಗುತ್ತಾನೆ. ಮೂವರೂ ತಮ್ಮ ಆಯವ್ಯಯದ ಲೆಕ್ಕ ತೋರಿಸುತ್ತಾರೆ. ಬಂದದ್ದಕ್ಕೂ ಖರ್ಚಾದದ್ದಕ್ಕೂ ಸರಿಹೋಗಿದೆ, ಉಳಿಕೆ ಇಲ್ಲ. ನಿಜವಾದ ಹಣವಂತ ಮಣಿಮತಿ ಪಟ್ಟಣದ ಇಲ್ವಲ ಎಂದು ತಿಳಿದು ನಾಲ್ವರೂ ಅವನಲ್ಲಿಗೆ ಹೊರಡುತ್ತಾರೆ. ರಾಜರ ಬೊಕ್ಕಸ ಬರಿದು, ರಕ್ಕಸನ ಮನೆಯಲ್ಲಿ ಬಂಗಾರ. ಇಂಥ ವಿವರ ಬರಿಯ ಭಯದ ಕಥೆಯಲ್ಲಿ ಬರುವುದಿಲ್ಲ. ಹಳೆಯ ಕಾಲದ ಯಾವುದೋ ಸಿರಿವಂತ ಕುಲದ ನೆನಪು ಅಲ್ಲಿ ಉಳಿದಿರಬಹುದು ಎಂದು ಅನ್ನಿಸಿದರೆ, ಆ ಅನಿಸಿಕೆಯಿಂದಲೇ ಒಂದು ಕಾದಂಬರಿ ಹುಟ್ಟಬಹುದು.

ಕನ್ನಡದಲ್ಲಿ ಈ ದಾರಿಯನ್ನು ಬಹಳ ಹಿಂದೆಯೇ ತೆರೆದವರು ಜೈನ ಕವಿಗಳು. ಪ್ರಾಕೃತದ ವಿಮಲಸೂರಿಯ ಪರಂಪರೆಯಲ್ಲಿ ರಾಕ್ಷಸರೆಂದರೆ ವಿದ್ಯಾಧರರ ಒಂದು ವಂಶ, ವಾನರರೆಂದರೆ ಕಪಿಯ ಲಾಂಛನ ಹೊತ್ತ ಇನ್ನೊಂದು ವಂಶ. ರಾವಣನಿಗೆ ಇದ್ದದ್ದು ಒಂದೇ ತಲೆ. ಕೊರಳ ಹಾರದ ಮಣಿಗಳಲ್ಲಿ ಮುಖ ಪ್ರತಿಫಲಿಸಿ ದಶಮುಖನೆಂಬ ಹೆಸರು ಬಂತು. ಇದೇ ಹಾದಿಯಲ್ಲಿ ನಾಗಚಂದ್ರ ಸುಮಾರು ಒಂಬೈನೂರು ವರ್ಷಗಳ ಹಿಂದೆ 'ರಾಮಚಂದ್ರಚರಿತಪುರಾಣ' ಬರೆದ. ಅವನ ರಾವಣ ಗುಣವಂತ, ಒಂದು ಮೋಹದಿಂದ ಕೆಟ್ಟವನು, ಕೊನೆಗೆ ಪಶ್ಚಾತ್ತಾಪ ಪಟ್ಟವನು. ಓದುವಾಗ ಅವನ ಪತನಕ್ಕೆ ಮನಸ್ಸು ಮರುಗುತ್ತದೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ರಾವಣನ ಒಳಗನ್ನು ತೆರೆದಾಗ ಈ ಕನ್ನಡ ಪರಂಪರೆ ಅವರ ಬೆನ್ನಿಗಿತ್ತು.

ಎಸ್. ಎಲ್. ಭೈರಪ್ಪನವರ 'ಪರ್ವ' 1979ರಲ್ಲಿ ಬಂತು. ಅದರಲ್ಲಿ ಪವಾಡಗಳಿಲ್ಲ, ಆಕಾಶದಿಂದ ಇಳಿಯುವ ಅಸ್ತ್ರಗಳಿಲ್ಲ. ರಾಕ್ಷಸರು ಕಾಡಿನಲ್ಲಿ ತಮ್ಮದೇ ರೀತಿನೀತಿಯಲ್ಲಿ ಬದುಕುವ ಜನ. ಭೀಮನನ್ನು ಒಲಿದ ಹಿಡಿಂಬೆಗೆ ಭೈರಪ್ಪನವರು ಸಾಲಕಟಂಕಟಿ ಎಂಬ ಹೆಸರು ಬಳಸಿದರು. ಅವಳು ಗಂಡನಿಲ್ಲದೆ ಮಗನನ್ನು ಬೆಳೆಸಿದಳು. ಆ ಮಗ ತನಗೆ ಸಂಬಂಧವೇ ಇಲ್ಲದ ಆಸ್ತಿಯ ಜಗಳದಲ್ಲಿ ತಂದೆಯ ಕಡೆಯವರಿಗಾಗಿ ಸತ್ತ. ಘಟೋತ್ಕಚ ಬಿದ್ದಾಗ ಕರ್ಣನ ಶಕ್ತ್ಯಾಯುಧ ಮುಗಿಯಿತು ಎಂಬ ಸಮಾಧಾನ ಹಳೆಯ ಕಥೆಯಲ್ಲಿ ಪಾಂಡವರ ಪಾಳೆಯದಲ್ಲಿ ಕಾಣುತ್ತದೆ. ಆ ಸಮಾಧಾನದ ಪಕ್ಕದಲ್ಲಿ ತಾಯಿಯನ್ನು ನಿಲ್ಲಿಸಿದರೆ ಇಡೀ ಯುದ್ಧದ ಅರ್ಥ ಬೇರೆಯಾಗುತ್ತದೆ. ಗಿರೀಶ ಕಾರ್ನಾಡರು ವನಪರ್ವದ ಯವಕ್ರೀತನ ಕಥೆಯಿಂದ 'ಅಗ್ನಿ ಮತ್ತು ಮಳೆ' ನಾಟಕ ಕಟ್ಟಿದಾಗ ಅಲ್ಲಿನ ಬ್ರಹ್ಮರಾಕ್ಷಸನಿಗೆ ಬಿಡುಗಡೆಯ ಹಂಬಲ ಕೊಟ್ಟರು. ರಕ್ಕಸನಿಗೆ ದುಃಖವುಂಟು ಎಂದು ಒಪ್ಪಿಕೊಂಡ ಸಾಹಿತ್ಯ ನಮ್ಮದು.

ನಮ್ಮ ದೊಡ್ಡಾಟದ ರಂಗಕ್ಕೂ ಇದು ಗೊತ್ತಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ರಾಕ್ಷಸ ಪಾತ್ರ ರಂಗಕ್ಕೆ ಬಂದಾಗ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತವೆ, ಆದರೆ ಕಣ್ಣು ಮುಚ್ಚುವುದಿಲ್ಲ. ಆ ಪಾತ್ರಕ್ಕೆ ಮೈಕಟ್ಟು, ದನಿ, ಕುಣಿತ ಮೂರೂ ಬೇಕು. ಜನ ಹೆದರುವುದು ಮತ್ತು ಮೆಚ್ಚುವುದು ಒಂದೇ ವೇಷವನ್ನು.

ಬಗ್ದಾದಿನ ದೂತ, ಉತ್ತರದ ದೈತ್ಯ

ಹೊರಗಿನ ಲೋಕದಲ್ಲಿ ಈ ಬಗೆಯ ಬರವಣಿಗೆಗೆ ಹೆಸರಾಂತ ಮಾದರಿಗಳು ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯದಿಂದ ಬಂದಿವೆ. ಆ ಕಾವ್ಯ ಉಳಿದಿರುವುದು ಸುಮಾರು ಸಾವಿರ ವರ್ಷ ಹಳೆಯ ಒಂದೇ ಒಂದು ಹಸ್ತಪ್ರತಿಯಲ್ಲಿ. 1731ರ ಬೆಂಕಿಯಲ್ಲಿ ಅದರ ಅಂಚು ಸುಟ್ಟಿತು. ಡೇನ್ ಅರಸನ ಸಭಾಮಂದಿರಕ್ಕೆ ರಾತ್ರಿ ಬಂದು ಯೋಧರನ್ನು ಕೊಂದೊಯ್ಯುವ ಗ್ರೆಂಡೆಲ್ ಎಂಬ ದೈತ್ಯ, ಅವನ ತಾಯಿ, ಕೊನೆಗೊಂದು ಘಟಸರ್ಪ, ಈ ಮೂವರ ಜೊತೆ ನಾಯಕನ ಹೋರಾಟ ಅದರ ವಸ್ತು.

ಅಮೆರಿಕದ ಜಾನ್ ಗಾರ್ಡ್ನರ್ 1971ರಲ್ಲಿ ಬರೆದ 'ಗ್ರೆಂಡೆಲ್' ಸಣ್ಣ ಪುಸ್ತಕ. ಅದರಲ್ಲಿ ಕಥೆ ಹೇಳುವವನು ದೈತ್ಯನೇ. ಕತ್ತಲಲ್ಲಿ ನಿಂತು ಮನುಷ್ಯರ ಹಾಡು, ಯುದ್ಧ, ಸುಳ್ಳುಗಳನ್ನು ನೋಡುವ ಒಂಟಿ ಜೀವಿ. ಮೈಕೆಲ್ ಕ್ರೈಟನ್ 1976ರಲ್ಲಿ 'ಈಟರ್ಸ್ ಆಫ್ ದಿ ಡೆಡ್' ಬರೆದಾಗ ಬೇರೆ ಉಪಾಯ ಹೂಡಿದ. ಹತ್ತನೆಯ ಶತಮಾನದಲ್ಲಿ ಬಗ್ದಾದಿನಿಂದ ವೋಲ್ಗಾ ತೀರಕ್ಕೆ ದೂತನಾಗಿ ಹೋದ ಇಬ್ನ್ ಫದ್ಲಾನ್ ನಿಜವಾದ ವ್ಯಕ್ತಿ, ಅವನ ಪ್ರವಾಸಕಥನವೂ ನಿಜವಾದದ್ದು. ಆ ಕಥನದಿಂದ ಆರಂಭಿಸಿ, ಅವನನ್ನು ಉತ್ತರದ ಯೋಧರ ಜೊತೆ ಕಳಿಸಿ, ಬೇವುಲ್ಫ್ ಕಥೆಯನ್ನು ಕಣ್ಣಾರೆ ಕಂಡ ವರದಿಯಾಗಿ ಕ್ರೈಟನ್ ಕಟ್ಟಿದ. ಅಲ್ಲಿನ ದೈತ್ಯರು ಅಳಿಯದೆ ಉಳಿದ ಆದಿಮಾನವರ ಗುಂಪು. ಮಂಜಿನಲ್ಲಿ ಪಂಜು ಹಿಡಿದು ಸಾಲಾಗಿ ಬರುವಾಗ ದೂರದಿಂದ ನೋಡಿದವರಿಗೆ ಬೆಂಕಿಯ ಸರ್ಪವೊಂದು ಬೆಟ್ಟ ಇಳಿದಂತೆ ಕಾಣುತ್ತಾರೆ.

ಈ ಎರಡೂ ಪುಸ್ತಕಗಳಿಂದ ಕಲಿಯುವುದಿದೆ. ಗಾರ್ಡ್ನರ್ ದೈತ್ಯನಿಗೆ ಬಾಯಿ ಕೊಟ್ಟ, ಕ್ರೈಟನ್ ದೈತ್ಯನಿಗೆ ಕಾರಣ ಕೊಟ್ಟ. ಕ್ರೈಟನ್ನನಲ್ಲಿ ಎಚ್ಚರಿಕೆಯ ಪಾಠವೂ ಇದೆ. ನಿಜವಾದ ಗ್ರಂಥಗಳ ಜೊತೆ ಕಲ್ಪಿತ ಗ್ರಂಥಗಳನ್ನೂ ಬೆರೆಸಿ ಅಡಿಟಿಪ್ಪಣಿ ಹಾಕಿದ್ದರಿಂದ ಎಷ್ಟೋ ಓದುಗರು ಇಡೀ ಪುಸ್ತಕವನ್ನು ಇತಿಹಾಸವೆಂದೇ ನಂಬಿದರು. ಇತಿಹಾಸದ ಹೆಸರಿನಲ್ಲಿ ಜಗಳ ಹೊತ್ತಿಸುವುದು ಸುಲಭವಾಗಿರುವ ನಮ್ಮ ಕಾಲದಲ್ಲಿ, ನಮ್ಮ ನಾಡಿನಲ್ಲಿ, ಅಂಥ ಆಟ ಬೇಡ.

ಕಿರುಕಾದಂಬರಿಯೇ ಏಕೆ?

ಮಾಸ್ತಿಯವರ 'ಸುಬ್ಬಣ್ಣ'ದಿಂದ ವಿವೇಕ ಶಾನಭಾಗರ 'ಘಾಚರ್ ಘೋಚರ್'ವರೆಗೆ ಕಿರುಕಾದಂಬರಿಯ ಶಕ್ತಿಯನ್ನು ಕನ್ನಡ ಕಂಡಿದೆ. ದೈತ್ಯಕಥೆಗೆ ಈ ಅಳತೆ ಹೇಳಿಮಾಡಿಸಿದ್ದು. ದೊಡ್ಡ ಐತಿಹಾಸಿಕ ಕಾದಂಬರಿಗೆ ವಂಶಾವಳಿ ಬೇಕು, ಶಾಸನ ಬೇಕು, ದರಬಾರು ಬೇಕು. ತ. ರಾ. ಸು. ಅವರ 'ದುರ್ಗಾಸ್ತಮಾನ'ಕ್ಕೆ ಚಿತ್ರದುರ್ಗದ ನಾಯಕರ ದಾಖಲೆಗಳಿದ್ದವು. ಬೂದಿ ದಿಬ್ಬದ ಜನರಿಗೆ ಲಿಪಿಯಿರಲಿಲ್ಲ. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಆದರೆ ದೈತ್ಯಕಥೆಗೆ ಒಂದು ಊರು ಸಾಕು, ಒಂದು ಬೇಸಿಗೆ ಸಾಕು, ಒಂದು ಭಯ ಸಾಕು. ನೂರು, ನೂರಿಪ್ಪತ್ತು ಪುಟಗಳಲ್ಲಿ ಆ ಭಯವನ್ನು ಹುಟ್ಟಿಸಿ, ಬೆಳೆಸಿ, ಕೊನೆಗೆ ಅದರ ಮುಖ ತೋರಿಸಬಹುದು. ಅದಕ್ಕಿಂತ ಹಿಗ್ಗಿಸಿದರೆ ಭಯ ಸಡಿಲವಾಗುತ್ತದೆ, ಕುಗ್ಗಿಸಿದರೆ ಮುಖ ಕಾಣುವುದಿಲ್ಲ.

ಬರೆಯುವವರು ಮೊದಲು ಗೆಲ್ಲಬೇಕಾದದ್ದು ಅಡುಗೆಮನೆಯನ್ನು. ರಾಯಚೂರು ಸೀಮೆ ಎಂದೊಡನೆ ನಮಗೆ ಬಿಳಿಜೋಳದ ರೊಟ್ಟಿ, ಕೆಂಪು ಖಾರ, ಮಾನ್ವಿ–ಸಿಂಧನೂರಿನ ಭತ್ತದ ಗದ್ದೆ ನೆನಪಾಗುತ್ತವೆ. ನವಶಿಲಾಯುಗದ ದೊಡ್ಡಿಯಲ್ಲಿ ಇವು ಯಾವುವೂ ಇಲ್ಲ. ಜೋಳದ ಮೂಲ ಆಫ್ರಿಕ, ಈ ಮೊದಲ ದನಗಾಹಿಗಳ ಕಾಲಕ್ಕೆ ಅದು ಇಲ್ಲಿಗೆ ಬಂದಿರಲಿಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಹಡಗೇರಿ ಬಂದದ್ದು. ಮಾನ್ವಿಯ ಭತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಕೊಡುಗೆ. ಆ ಜನರ ಒಲೆಯ ಮೇಲೆ ಕೊರಲೆಯ ಅಂಬಲಿ, ಬೇಯಿಸಿದ ಹುರುಳಿ, ದನದ ಹಾಲು ಮತ್ತು ಮಾಂಸ ಇತ್ತು. ತಿರುಗುವ ಬೀಸುಕಲ್ಲೂ ಇರಲಿಲ್ಲ. ಬಂಡೆಯ ಮೇಲೆ ಕಲ್ಲಿಟ್ಟು ಹಿಂದೆ ಮುಂದೆ ಉಜ್ಜಿ ಹಿಟ್ಟು ಮಾಡುತ್ತಿದ್ದರು. ಹಾಗೆ ಉಜ್ಜಿ ಸವೆದ ಕುಳಿಗಳು ಇಂದಿಗೂ ಬಂಡೆಗಳ ಮೇಲಿವೆ. ಕಬ್ಬಿಣವಿಲ್ಲ, ಆದ್ದರಿಂದ ಕತ್ತಿಯ ಸದ್ದೂ ಇಲ್ಲ. ಆದರೆ ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯ ಹಾಗೆ ಮೊಳಗುವ ಬಂಡೆಗಳಿವೆ, ಅವುಗಳ ಮೇಲೆ ಹಳೆಯ ಬಡಿತದ ಗುರುತುಗಳೂ ಇವೆ. ಇರುಳಲ್ಲಿ ಗುಡ್ಡದಿಂದ ಆ ನಾದ ಬಂದರೆ, ಕೆಳಗಿನ ಬಯಲಿಗೆ ಹೊಸದಾಗಿ ಬಂದ ಜನ ಅದನ್ನು ಯಾರ ಕೂಗೆಂದು ತಿಳಿದಿದ್ದಾರು? ಕಥೆಯ ಮೊದಲ ಅಧ್ಯಾಯ ಇಲ್ಲಿಂದ ಹೊರಡಬಹುದು.

ಎರಡನೆಯ ಹೊಣೆ ಭಯವನ್ನು ಉಳಿಸಿಕೊಳ್ಳುವುದು. ರಕ್ಕಸ ಅಂದರೆ ಬಡಪಾಯಿ ದನಗಾಹಿ ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಅದು ಪಾಠವಾಗುತ್ತದೆ, ಕಥೆಯಾಗುವುದಿಲ್ಲ. ಸಗಣಿಯ ಗುಡ್ಡ ದಿನಗಟ್ಟಲೆ ಉರಿದಾಗ ಆಕಾಶ ಕೆಂಪಾಗಿರುತ್ತದೆ, ಹೊಗೆ ಹರದಾರಿಗಟ್ಟಲೆ ಹಬ್ಬಿರುತ್ತದೆ. ಅದನ್ನು ನೋಡಿದ ಅಪರಿಚಿತ ಹೆದರಿದ್ದು ಸಹಜ. ಓದುಗನೂ ಮೊದಲು ಅವನ ಜೊತೆ ಹೆದರಬೇಕು, ಆಮೇಲೆ ಹತ್ತಿರ ಹೋಗಿ ಕಾಣಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಹೊಣೆ. ಪುರಾಣದ ರಾಕ್ಷಸರನ್ನು ಇಂದಿನ ಯಾವುದೇ ಜಾತಿಗೆ, ಬುಡಕಟ್ಟಿಗೆ, ಭಾಷೆಯವರಿಗೆ ಅಂಟಿಸುವ ಹಕ್ಕು ಲೇಖಕನಿಗಿಲ್ಲ. ನಾಲ್ಕು ಸಾವಿರ ವರ್ಷಗಳಲ್ಲಿ ಈ ನೆಲದ ಜನ ಬೆರೆತು, ವಲಸೆ ಹೋಗಿ, ಮರಳಿ ಬಂದು, ಮತ್ತೆ ಬೆರೆತಿದ್ದಾರೆ. ಬೂದಿ ದಿಬ್ಬದವರ ರಕ್ತ ನಮ್ಮಲ್ಲಿ ಯಾರಲ್ಲೂ ಇರಬಹುದು. ಸೋತವರನ್ನು ರಕ್ಕಸರೆಂದು ಕರೆದದ್ದು ಹಳೆಯ ಅನ್ಯಾಯ. ಅದನ್ನು ಸರಿಪಡಿಸಲು ಹೊರಟ ಕೃತಿ ಇನ್ನೊಬ್ಬರನ್ನು ಹೊಸ ರಕ್ಕಸರನ್ನಾಗಿ ಮಾಡಿದರೆ ಬರೆದದ್ದೇ ವ್ಯರ್ಥ. ಪುಸ್ತಕದ ಕೊನೆಯಲ್ಲಿ ಎರಡು ಪುಟಗಳ ಟಿಪ್ಪಣಿ ಕೊಟ್ಟು, ಉತ್ಖನನದಲ್ಲಿ ಸಿಕ್ಕಿದ್ದು ಇದು, ನಾನು ಕಲ್ಪಿಸಿದ್ದು ಇದು ಎಂದು ಬಿಡಿಸಿ ಹೇಳುವುದು ಅದೇ ಹೊಣೆಯ ಭಾಗ.

ಬರೆಯುವವರು ಇಲ್ಲಿಯೇ ಇದ್ದಾರೆ

ದಂತಕಥೆಯನ್ನು ಇತಿಹಾಸವಾಗಿಸಿದ ಹೆಮ್ಮೆ ಈ ಜಿಲ್ಲೆಗೆ ಮೊದಲೇ ಇದೆ. ದೇವಾನಾಂಪ್ರಿಯನೆಂಬ ಬಿರುದಿನ ಅರಸನ ಶಾಸನಗಳು ದೇಶದ ತುಂಬ ಸಿಕ್ಕಿದ್ದರೂ ಅವನ ಸ್ವಂತ ಹೆಸರು ಅವುಗಳಲ್ಲಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯಲ್ಲಿ ಕಂಡ ಶಾಸನ ಅಶೋಕನೆಂಬ ಹೆಸರನ್ನು ನೇರವಾಗಿ ಹೇಳಿತು. ಬೌದ್ಧ ಕಥೆಗಳ ಅರಸ ಮತ್ತು ಶಿಲಾಶಾಸನಗಳ ಅರಸ ಒಬ್ಬನೇ ಎಂಬುದಕ್ಕೆ ಮುದ್ರೆ ಬಿದ್ದದ್ದು ನಮ್ಮ ಬಂಡೆಯಿಂದ.

ಬರವಣಿಗೆಯ ಬಲವೂ ಈ ಸೀಮೆಗೆ ಹೊಸದಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು, ಮಾನ್ವಿಯ ಜ‌ಗನ್ನಾಥದಾಸರು ಕನ್ನಡಕ್ಕೆ ಕೊಟ್ಟದ್ದು ಸಣ್ಣದಲ್ಲ. ನಮ್ಮ ಕಾಲಕ್ಕೆ ಹತ್ತಿರದಲ್ಲಿ ಶಾಂತರಸರು, ಜಂಬಣ್ಣ ಅಮರಚಿಂತರು ಇಲ್ಲಿನ ಬಿಸಿಲು, ಬರ, ಗೌಡಕಿ, ಬಡತನಗಳನ್ನು ಇಲ್ಲಿಯ ಮಾತಿನಲ್ಲೇ ಸಾಹಿತ್ಯವಾಗಿಸಿದರು. ಉರ್ದು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತ ಬೆಳೆದ ಇಲ್ಲಿನ ಯುವ ಬರಹಗಾರರಿಗೆ, ಒಂದೇ ಘಟನೆಯನ್ನು ಮೂರು ಕಡೆಯಿಂದ ನೋಡುವ ಶಕ್ತಿ ಮನೆಯಲ್ಲೇ ದಕ್ಕಿದೆ. ದೈತ್ಯಕಥೆಗೆ ಬೇಕಾದದ್ದೂ ಅದೇ.

ಅವಸರ ಏಕೆಂದರೆ ಬೂದಿ ದಿಬ್ಬಗಳು ಕರಗುತ್ತಿವೆ. ಬೂದಿ ಒಳ್ಳೆಯ ಗೊಬ್ಬರವೆಂದು ಹೊಲಗಳಿಗೆ ಹೋಗಿದೆ, ರಸ್ತೆ ಮತ್ತು ಕಟ್ಟಡಗಳಿಗೆ ಜಾಗ ಮಾಡಲು ನೆಲಸಮವಾಗಿದೆ. ರೈತನನ್ನು ದೂರಿ ಫಲವಿಲ್ಲ. ಅದರ ಬೆಲೆಯನ್ನು ಅವನಿಗೆ ಯಾರೂ ಹೇಳಿಲ್ಲ. ದೇವಸುಗೂರಿನ ಜನರಿಗಂತೂ ಬೂದಿ ದಿನನಿತ್ಯದ ಸಂಗತಿ. 1985ರಲ್ಲಿ ಮೊದಲ ಘಟಕ ಆರಂಭಿಸಿ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಶಕ್ತಿನಗರದ ಕೇಂದ್ರ ಕಲ್ಲಿದ್ದಲು ಸುಟ್ಟು ನಾಡಿಗೆ ಬೆಳಕು ಕೊಟ್ಟಿದೆ, ಹಾರುಬೂದಿಯ ಹೊಂಡಗಳನ್ನೂ ತುಂಬಿದೆ. ಮುಂದೆಂದೋ ಬರುವವರು ಆ ಬೂದಿಯನ್ನು ಕಂಡಾಗ ಅವರ ಕೈಗೆ ನಮ್ಮ ದಾಖಲೆಗಳು ಸಿಗಬಹುದು. ದನಗಾಹಿಗಳು ತಮ್ಮ ಬಗ್ಗೆ ಹೇಳಲು ಬಿಟ್ಟುಹೋದದ್ದು ದಿಬ್ಬವನ್ನು ಮಾತ್ರ. ಅದೂ ಹೋದರೆ ಅವರು ರಕ್ಕಸರಾಗಿಯೂ ಉಳಿಯುವುದಿಲ್ಲ.

ಆದ್ದರಿಂದ ಎರಡು ಬೇಡಿಕೆ. ರಾಯಚೂರು, ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಶಾಲೆ ಕಾಲೇಜುಗಳ ಮೇಷ್ಟ್ರುಗಳು ಮಕ್ಕಳನ್ನು ಹಂಪಿ, ಬಾದಾಮಿಗೆ ಕರೆದೊಯ್ಯುವಂತೆಯೇ ಹತ್ತಿರದ ಬೂದಿ ದಿಬ್ಬಕ್ಕೂ ಕರೆದೊಯ್ಯಲಿ. ಊರಿನ ಹಿರಿಯರಿಂದ ಅದರ ಕಥೆ ಕೇಳಿಸಿ ಬರೆಸಲಿ, ಜೊತೆಗೆ ಉತ್ಖನನದ ಕಥೆಯನ್ನೂ ಹೇಳಲಿ. ಪಂಚಾಯಿತಿಗಳು ಅಲ್ಲೊಂದು ಫಲಕ ಹಾಕಿ ಅಗೆತ ತಡೆಯಲಿ. ಇನ್ನು ಬರೆಯುವ ಹುಮ್ಮಸ್ಸಿರುವ ತರುಣ ತರುಣಿಯರೇ, ಹಿಡಿಂಬನ ಚಿತೆಯ ಕಥೆ ನಿಮ್ಮ ಅಜ್ಜಿಯ ಬಾಯಲ್ಲಿದೆ, ದನದ ಗೊರಸಿನ ಗುರುತು ನಿಮ್ಮ ಹೊಳೆಯ ದಂಡೆಯ ನೆಲದಲ್ಲಿ ಸಿಕ್ಕಿದೆ. ಎರಡನ್ನೂ ಸೇರಿಸುವ ಪುಸ್ತಕವನ್ನು ನೀವು ಬರೆಯಿರಿ, ಓದಲು ನಾವಿದ್ದೇವೆ.